ಉಸಿರಿನ ಸುಳಿವು ಹಿಡಿಯುವ ಸೂಕ್ಷ್ಮಜೀವಿಯ ತಂತಿಗಳು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಐವತ್ತೈದು ವಯಸ್ಸಿನ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಊಟ ರುಚಿಸುವುದಿಲ್ಲ, ಮುಂಜಾನೆ ವಾಕರಿಕೆ ಬರುತ್ತದೆ, ಬಾಯಿ ದುರ್ನಾತ ಬೀರುತ್ತದೆ ಎಂಬುದು ಅವರ ದೂರು. ನಾಡಿ ನೋಡಿದೆವು, ನಾಲಿಗೆ ನೋಡಿದೆವು. ಅಗ್ನಿಮಾಂದ್ಯವೆಂದು ತೀರ್ಮಾನಿಸಿ ಚೂರ್ಣವನ್ನೂ ಪಥ್ಯವನ್ನೂ ಹೇಳಿ ಕಳುಹಿಸಿದೆವು. ವಾರ ಬಿಟ್ಟು ಬಂದಾಗ ಔಷಧವನ್ನು ಸ್ವಲ್ಪ ಬದಲಿಸಿದೆವು. ಮೂರನೆಯ ಸಲ ಅವರೊಡನೆ ಅವರ ಪತ್ನಿಯೂ ಬಂದಿದ್ದರು. ಆ ತಾಯಿ ಸಂಕೋಚದಿಂದಲೇ ಒಂದು ಮಾತು ಹೇಳಿದರು: "ಇವರ ಬಾಯಿಂದ ಬರುವುದು ಹಲ್ಲಿನ ವಾಸನೆ ಅಲ್ಲ ಡಾಕ್ಟರೇ, ಕೊಟ್ಟಿಗೆಯ ಗಂಜಲದ ವಾಸನೆ."

ಆ ಕ್ಷಣ ನಮಗೆ ಎಚ್ಚರವಾಯಿತು. ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಪ್ರಮಾಣ ಇರಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಎರಡೂ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿದ್ದವು. ಬಳಿಕ ಅವರು ಡಯಾಲಿಸಿಸ್‌ನ ಆಸರೆಯಲ್ಲಿ ಎರಡು ವರ್ಷ ಬದುಕಿದರು. ನಾವು ಮೊದಲ ದಿನವೇ ಗುರುತಿಸಿದ್ದರೂ ಅವರ ಮೂತ್ರಪಿಂಡಗಳು ಮರಳಿ ಚೇತರಿಸಿಕೊಳ್ಳುತ್ತಿರಲಿಲ್ಲವೆಂದು ತಜ್ಞರು ಆಗ ನಮಗೆ ಸಮಾಧಾನ ಹೇಳಿದರು. ಆದರೂ ಮೂರು ವಾರಗಳ ಕಾಲ ನಮ್ಮ ಮೂಗಿನ ಮುಂದೆಯೇ ಇದ್ದ ಸುಳಿವನ್ನು ನಾವು ಅರಿಯಲಿಲ್ಲ, ಒಬ್ಬ ಗೃಹಿಣಿ ಅರಿತರು ಎಂಬ ಸಂಗತಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಈ ನೆನಪಿನ ಕಾರಣದಿಂದಲೇ, ಕೆಸರಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯ ಮೈಯಿಂದ ಹೊರಡುವ ವಿದ್ಯುತ್ ವಾಹಕ ತಂತಿಗಳನ್ನು ಬಳಸಿ ಉಸಿರಿನ ಅಮೋನಿಯವನ್ನು ಅಳೆಯುವ ಸಂವೇದಕವನ್ನು ವಿಜ್ಞಾನಿಗಳು ರೂಪಿಸಿದ್ದಾರೆಂಬ ವರದಿಯನ್ನು ನಾವು ಆಸಕ್ತಿಯಿಂದ ಓದಿದೆವು. ಅದರ ತಿರುಳನ್ನು ಓದುಗ ಬಂಧುಗಳಿಗೆ ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಮೂಗು ಎಂಬ ಪರೀಕ್ಷಕ

ರೋಗಪರೀಕ್ಷೆಯಲ್ಲಿ ಮೂಗಿಗೆ ಆಯುರ್ವೇದವು ಸ್ಥಾನ ಕೊಟ್ಟಿದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನು ನಾಲಿಗೆಯೊಂದನ್ನು ಬಿಟ್ಟು ಉಳಿದ ಇಂದ್ರಿಯಗಳಿಂದ ರೋಗಿಯನ್ನು ಪರೀಕ್ಷಿಸಬೇಕೆಂಬ ವಿಧಿಯಿದೆ. ರುಚಿಯನ್ನು ಮಾತ್ರ ಅನುಮಾನದಿಂದ ತಿಳಿಯಬೇಕು. ದೇಹಕ್ಕೆ ನೊಣ ಮುತ್ತಿದರೆ ಅದರಲ್ಲಿ ಮಾಧುರ್ಯ ಹೆಚ್ಚಿದೆಯೆಂದು ಅರಿಯಬೇಕು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತನ್ನ ಇಂದ್ರಿಯಕ್ಕೆ ನಿಲುಕದುದನ್ನು ಇನ್ನೊಂದು ಜೀವಿಯ ನಡವಳಿಕೆಯಿಂದ ತಿಳಿಯುವ ಕ್ರಮ ಅದು. ನೊಣವನ್ನು ನೋಡಿ ರುಚಿಯನ್ನು ತಿಳಿದಂತೆ, ಸೂಕ್ಷ್ಮಜೀವಿಯೊಂದರ ತಂತಿಯನ್ನು ನೋಡಿ ವಾಸನೆಯನ್ನು ತಿಳಿಯುವ ಪ್ರಯತ್ನ ಈಗ ನಡೆದಿದೆ. ಹಾಗೆಂದು ಎಲ್ಲವೂ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಮೊದಲೇ ಇತ್ತು ಎಂದು ಹೇಳುವವರ ಸಾಲಿಗೆ ನಾವು ಸೇರಿದವರಲ್ಲ. ಸೂಕ್ಷ್ಮಜೀವಿಯಿಂದ ತಂತಿ ಹೊರಡುತ್ತದೆಂಬುದು ಪ್ರಾಚೀನರಿಗೆ ತಿಳಿದಿರಲಿಲ್ಲ. ಇದು ಹೊಸ ಜ್ಞಾನ. ಹೊಸದೆಂದೇ ಅದನ್ನು ಗೌರವದಿಂದ ಸ್ವೀಕರಿಸಬೇಕು.

ವಾಸನೆಗೂ ರೋಗಕ್ಕೂ ಇರುವ ನಂಟು ಆಧುನಿಕ ವೈದ್ಯಕ್ಕೂ ಚಿರಪರಿಚಿತ. ಸಕ್ಕರೆ ಕಾಯಿಲೆ ವಿಷಮಿಸಿ ರಕ್ತದಲ್ಲಿ ಆಮ್ಲಗಳು ಹೆಚ್ಚಿದಾಗ ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಅದಕ್ಕೆ ಕಾರಣ ಅಸಿಟೋನ್. ಮೂತ್ರಪಿಂಡಗಳು ವಿಫಲವಾದಾಗ ಗಂಜಲದ ವಾಸನೆ ಬರುತ್ತದೆ. ಅದಕ್ಕೆ ಕಾರಣ ಅಮೋನಿಯ. ಇದರ ಹಿನ್ನೆಲೆ ಹೀಗಿದೆ. ನಾವು ತಿನ್ನುವ ಬೇಳೆ, ಕಾಳು, ಹಾಲು ಮುಂತಾದವುಗಳಲ್ಲಿನ ಪ್ರೋಟೀನ್ ದೇಹದಲ್ಲಿ ಬಳಕೆಯಾದ ಬಳಿಕ ಉಳಿಯುವ ಸಾರಜನಕದ ತ್ಯಾಜ್ಯವನ್ನು ಯಕೃತ್ತು ಯೂರಿಯಾ ಆಗಿ ಪರಿವರ್ತಿಸುತ್ತದೆ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಅವು ಸೋತಾಗ ಯೂರಿಯಾ ರಕ್ತದಲ್ಲಿ ಶೇಖರವಾಗಿ ಜೊಲ್ಲಿಗೂ ಇಳಿಯುತ್ತದೆ. ಬಾಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆದು ಅಮೋನಿಯವನ್ನು ಹೊರಬಿಡುತ್ತವೆ. ಕೊಟ್ಟಿಗೆಯಲ್ಲಿ ಗಂಜಲ ನಿಂತಾಗ ನಡೆಯುವುದೂ ಇದೇ ಕ್ರಿಯೆ. ಆ ತಾಯಿಯ ಮೂಗು ತಪ್ಪಿರಲಿಲ್ಲ.

ಆದರೆ ಮೂಗಿಗೆ ಮಿತಿಗಳಿವೆ. ಆರೋಗ್ಯವಂತರ ಉಸಿರಿನಲ್ಲಿಯೂ ಅಮೋನಿಯ ಇರುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಮೂತ್ರಪಿಂಡಗಳು ವಿಫಲವಾದಾಗ ಅದು ಹತ್ತು ಲಕ್ಷದಲ್ಲಿ ಹಲವು ಭಾಗಗಳಿಗೆ ಏರುತ್ತದೆ. ಬಹುತೇಕರ ಮೂಗು ಅಮೋನಿಯವನ್ನು ಗುರುತಿಸತೊಡಗುವುದೂ ಸುಮಾರು ಇದೇ ಹಂತದಲ್ಲಿ. ಎಂದರೆ, ಮೂಗು ಹೇಳುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ. ಜೊತೆಗೆ ಮೂಗು ಬೇಗ ದಣಿಯುತ್ತದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದರ ಅರಿವೇ ಹೋಗುತ್ತದೆ. ವಯಸ್ಸಾದಂತೆ ಘ್ರಾಣಶಕ್ತಿಯೂ ಕುಂದುತ್ತದೆ. ಅರವತ್ತು ದಾಟಿದ ನಾವು ನಮ್ಮ ಮೂಗನ್ನು ಮೊದಲಿನಷ್ಟು ನಂಬುವುದಿಲ್ಲ. ಆದ್ದರಿಂದ ದಣಿಯದ, ವಯಸ್ಸಾಗದ, ಅಂಕಿಯಲ್ಲಿ ಉತ್ತರ ಕೊಡುವ ಒಂದು ಕೃತಕ ಮೂಗು ಬೇಕು.

ಕಬ್ಬಿಣವನ್ನು ಉಸಿರಾಡುವ ಜೀವಿ

ಇಂತಹ ಕೃತಕ ಮೂಗಿಗೆ ಒದಗಿಬಂದ ಜೀವಿಯ ಹೆಸರು ಜಿಯೋಬ್ಯಾಕ್ಟರ್. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿಯವರು ಪೊಟೊಮ್ಯಾಕ್ ನದಿಯ ತಳದ ಕೆಸರಿನಿಂದ ಈ ಕುಲದ ಮೊದಲ ಜೀವಿಯನ್ನು ಬೇರ್ಪಡಿಸಿದರು. ಅದರ ವಿವರ 1987ರಲ್ಲಿ ಪ್ರಕಟವಾಯಿತು. ಮುಂದೆ ಈ ಕುಲದ ಅನೇಕ ಜೀವಿಗಳು ಲೋಕದ ಹಲವೆಡೆ ಆಮ್ಲಜನಕವಿಲ್ಲದ ಕೆಸರಿನಲ್ಲಿ, ಭತ್ತದ ಗದ್ದೆಗಳ ಮಣ್ಣಿನಲ್ಲಿಯೂ, ದೊರೆತಿವೆ.

ಇದರ ಬದುಕಿನ ರೀತಿ ವಿಶಿಷ್ಟವಾದುದು. ನಾವು ಆಹಾರವನ್ನು ದಹಿಸಿದಾಗ ಇಲೆಕ್ಟ್ರಾನುಗಳೆಂಬ ಋಣವಿದ್ಯುತ್ತಿನ ಕಣಗಳು ಬಿಡುಗಡೆಯಾಗುತ್ತವೆ. ಅವುಗಳನ್ನು ಸ್ವೀಕರಿಸಲು ಒಂದು ವಸ್ತು ಬೇಕು. ನಮ್ಮಲ್ಲಿ ಆ ಕೆಲಸವನ್ನು ಉಸಿರಿನಿಂದ ಬಂದ ಆಮ್ಲಜನಕ ಮಾಡುತ್ತದೆ. ಕೆಸರಿನ ಆಳದಲ್ಲಿ ಆಮ್ಲಜನಕವಿಲ್ಲ. ಅಲ್ಲಿರುವುದು ಕಬ್ಬಿಣದ ತುಕ್ಕು, ಅಂದರೆ ಕಬ್ಬಿಣದ ಆಕ್ಸೈಡ್. ಅದು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಜೀವಕೋಶದ ಒಳಗೆ ಬರಲಾರದು. ಆಗ ಈ ಜೀವಿ ತನ್ನ ಇಲೆಕ್ಟ್ರಾನುಗಳನ್ನೇ ಹೊರಗೆ ಕಳುಹಿಸುತ್ತದೆ. ಅತಿಥಿ ಮನೆಯೊಳಗೆ ಬರಲು ಆಗದಿದ್ದರೆ ಎಲೆಯನ್ನು ಹೊರಗಿನ ಜಗುಲಿಗೆ ಒಯ್ದು ಬಡಿಸಿದಂತೆ ಇದು.

ಹಾಗೆ ಒಯ್ಯುವ ದಾರಿಯೇ ಈ ಸೂಕ್ಷ್ಮ ತಂತಿಗಳು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕೇಂದ್ರದಲ್ಲಿ ಲವ್ಲಿಯವರ ತಂಡದ ಜೆಮ್ಮಾ ರೆಗೇರಾ ಮತ್ತು ಸಂಗಡಿಗರು ಇವುಗಳನ್ನು ಕುರಿತ ಶೋಧವನ್ನು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜೀವಿಯ ಮೈಯಿಂದ ಹೊರಚಾಚಿದ ಪ್ರೋಟೀನಿನ ಈ ಎಳೆಗಳು ವಿದ್ಯುತ್ತನ್ನು ಹರಿಸಬಲ್ಲವು. ಪ್ರೋಟೀನ್ ಎಂದರೆ ವಿದ್ಯುತ್ತನ್ನು ತಡೆಯುವ ವಸ್ತುವೆಂದೇ ಅಲ್ಲಿಯವರೆಗೆ ಭಾವಿಸಲಾಗಿತ್ತು. ಆದ್ದರಿಂದ ಈ ಶೋಧ ಅಚ್ಚರಿಯನ್ನೂ ಸಂಶಯವನ್ನೂ ಒಟ್ಟಿಗೇ ಹುಟ್ಟಿಸಿತು.

ಈ ಎಳೆಗಳ ದಪ್ಪ ಸುಮಾರು 3 ನ್ಯಾನೋಮೀಟರ್. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 60 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ಎಂದರೆ ಈ ಎಳೆಯ ತೆಳುವನ್ನು ಊಹಿಸಿಕೊಳ್ಳಬಹುದು. ಉದ್ದದಲ್ಲಿ ಮಾತ್ರ ಅದು ಜೀವಿಯ ದೇಹಕ್ಕಿಂತ ಹಲವು ಪಟ್ಟು ದೂರ ಚಾಚಬಲ್ಲದು.

'ಕ್ರಿಮಿ' ಎಂದೊಡನೆ ರೋಗವನ್ನೇ ನೆನೆಯುವುದು ನಮ್ಮ ರೂಢಿ. ಚರಕರು ಇಪ್ಪತ್ತು ಬಗೆಯ ರೋಗಕಾರಕ ಕ್ರಿಮಿಗಳನ್ನು ಎಣಿಸುವಾಗ 'ಸಹಜ' ಕ್ರಿಮಿಗಳನ್ನು ಆ ಎಣಿಕೆಯಿಂದ ಹೊರಗಿಟ್ಟಿದ್ದಾರೆ. ಎಲ್ಲ ಸೂಕ್ಷ್ಮಜೀವಿಗಳೂ ಹಗೆಗಳಲ್ಲ ಎಂಬ ಆ ವಿವೇಕ ಇಂದಿಗೂ ಉಪಯುಕ್ತ. ಜಿಯೋಬ್ಯಾಕ್ಟರ್ ಮನುಷ್ಯನಿಗೆ ರೋಗ ತರುವ ಜೀವಿಯಲ್ಲ. ಅದು ತನ್ನ ಪಾಡಿಗೆ ಕೆಸರಿನಲ್ಲಿದ್ದು ಕಬ್ಬಿಣವನ್ನು ಕರಗಿಸುವ ಜೀವಿ.

ತಂತಿಯಿಂದ ಸಂವೇದಕ

ಇನ್ನು ಈ ತಂತಿಗಳಿಂದ ವಾಸನೆ ಹಿಡಿಯುವ ಬಗೆಯನ್ನು ನೋಡೋಣ. ಜೀವಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅವುಗಳ ಎಳೆಗಳನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಎಳೆಗಳಿರುವ ದ್ರವವನ್ನು ಎರಡು ಪುಟ್ಟ ಲೋಹಪಟ್ಟಿಗಳ ನಡುವೆ ಹನಿಸಿ ಒಣಗಿಸಿದರೆ ಅಸಂಖ್ಯಾತ ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡ ತೆಳುವಾದ ಪೊರೆಯಾಗುತ್ತದೆ. ಲೋಹಪಟ್ಟಿಗಳಿಗೆ ಅಲ್ಪ ವಿದ್ಯುತ್ತನ್ನು ಒದಗಿಸಿದರೆ ಪೊರೆಯ ಮೂಲಕ ಪ್ರವಾಹ ಹರಿಯುತ್ತದೆ. ಅಮೋನಿಯದ ಕಣಗಳು ಪೊರೆಗೆ ಅಂಟಿದಾಗ ಆ ಪ್ರವಾಹ ಬದಲಾಗುತ್ತದೆ. ಎಷ್ಟು ಬದಲಾಯಿತೆಂಬುದನ್ನು ಅಳೆದು ಅಮೋನಿಯ ಎಷ್ಟಿದೆಯೆಂದು ಲೆಕ್ಕ ಹಾಕಬಹುದು.

ತಂತಿ ತೆಳುವಾಗಿರುವುದೇ ಇಲ್ಲಿ ಗುಣ. ದಪ್ಪನೆಯ ತಾಮ್ರದ ತಂತಿಯ ಮೇಲ್ಮೈಗೆ ಒಂದಿಷ್ಟು ಅಮೋನಿಯ ತಗುಲಿದರೆ ಒಳಗಿನ ಪ್ರವಾಹಕ್ಕೆ ಅದರ ಅರಿವೇ ಆಗದು. ಮೂರು ನ್ಯಾನೋಮೀಟರಿನ ಎಳೆಯಲ್ಲಿ ಮೇಲ್ಮೈಗೂ ಒಳಭಾಗಕ್ಕೂ ಹೆಚ್ಚಿನ ಅಂತರವಿಲ್ಲ. ಹೊರಗೆ ತಗುಲಿದ್ದು ಒಳಗೂ ತಟ್ಟುತ್ತದೆ. ತೋಳ್ದಪ್ಪದ ಮರದ ಕೊಂಬೆಯ ಮೇಲೆ ಗುಬ್ಬಿ ಕುಳಿತರೆ ಕೊಂಬೆ ಅಲುಗದು, ಜೋಳದ ದಂಟಿನ ಮೇಲೆ ಕುಳಿತರೆ ದಂಟು ಬಾಗುತ್ತದೆ.

ಆಮ್ಹರ್ಸ್ಟ್‌ನ ಜುನ್ ಯಾವೊ ಮತ್ತು ಲವ್ಲಿಯವರ ತಂಡಗಳು ಸೇರಿ ರೂಪಿಸಿದ ಅಮೋನಿಯ ಸಂವೇದಕದ ವರದಿ 2020ರಲ್ಲಿ ಪ್ರಕಟವಾಯಿತು. ನೂರು ಕೋಟಿ ಭಾಗಗಳಲ್ಲಿ 10 ಭಾಗದಷ್ಟು ಅಲ್ಪ ಪ್ರಮಾಣದಿಂದ ಮೊದಲ್ಗೊಂಡು ನೂರು ಕೋಟಿಯಲ್ಲಿ 10 ಲಕ್ಷ ಭಾಗದವರೆಗೆ, ಎಂದರೆ ಸಾವಿರದಲ್ಲಿ ಒಂದು ಭಾಗದವರೆಗೆ, ಅಮೋನಿಯಕ್ಕೆ ಅದು ಸ್ಪಂದಿಸಿತು. ಮೂಗು ಅರಿಯುವ ಹಂತಕ್ಕಿಂತ ನೂರಾರು ಪಟ್ಟು ಕೆಳಗಿನ ಪ್ರಮಾಣವದು. ನೀರಿನ ಆವಿಗೂ ಉಸಿರಿನಲ್ಲಿ ಸಾಮಾನ್ಯವಾಗಿರುವ ಇತರ ಅನಿಲಗಳಿಗೂ ಹೋಲಿಸಿದರೆ ಅಮೋನಿಯಕ್ಕೇ ಅದರ ಸ್ಪಂದನ ಹೆಚ್ಚಾಗಿತ್ತೆಂದೂ ವರದಿ ತಿಳಿಸುತ್ತದೆ.

ಇಲ್ಲೊಂದು ತೊಡಕಿತ್ತು. ಜಿಯೋಬ್ಯಾಕ್ಟರ್ ಆಮ್ಲಜನಕವಿಲ್ಲದ ವಾತಾವರಣವನ್ನು ಬೇಡುವ ಜೀವಿ. ಅದನ್ನು ದೊಡ್ಡ ಪ್ರಮಾಣದಲ್ಲಿ ಸಾಕುವುದು ಕಷ್ಟ. ಆದ್ದರಿಂದ ವಿಜ್ಞಾನಿಗಳು, ಪ್ರಯೋಗಾಲಯಗಳಲ್ಲಿ ದೀರ್ಘಕಾಲದಿಂದ ಪಳಗಿರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಈ ತಂತಿಯನ್ನು ನೇಯುವ ವಿದ್ಯೆಯನ್ನು ವಂಶವಾಹಿಯ ಮೂಲಕ ಕಲಿಸಿದರು. ಅದರ ವಿವರವೂ 2020ರಲ್ಲಿಯೇ ಪ್ರಕಟವಾಯಿತು. ಇ-ಕೋಲಿಯ ಕೆಲವು ಬಗೆಗಳು ಭೇದಿಯನ್ನು ತರುತ್ತವೆ, ನಿಜ. ಆದರೆ ಪ್ರಯೋಗಾಲಯದ ತಳಿಗಳು ಅಂಥವಲ್ಲ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ ಅನ್ನು 1980ರ ದಶಕದಿಂದಲೂ ಇಂತಹ ತಳಿಗಳಿಂದ ತಯಾರಿಸಲಾಗುತ್ತಿದೆ.

ಎಳೆಗೆ ಕೊಕ್ಕೆ ಜೋಡಿಸುವ ಉಪಾಯ

ಇದರ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯಕರವಾದುದು. ಒಂದೊಂದು ಎಳೆಯೂ ಒಂದೇ ಬಗೆಯ ಚಿಕ್ಕ ಪ್ರೋಟೀನಿನ ಸಾವಿರಾರು ಪ್ರತಿಗಳು ಪೋಣಿಸಿಕೊಂಡು ಆದ ಹಾರದಂತಿದೆ. ಆ ಚಿಕ್ಕ ಪ್ರೋಟೀನಿಗೆ ಪಿಲಿನ್ ಎಂದು ಹೆಸರು. ಪಿಲಿನ್‌ನ ತಯಾರಿಕೆಯ ಸೂತ್ರ ಜೀವಿಯ ವಂಶವಾಹಿಯಲ್ಲಿ ಬರೆದಿರುತ್ತದೆ. ಆ ಸೂತ್ರದ ಕೊನೆಗೆ ಕೆಲವೇ ಅಕ್ಷರಗಳನ್ನು ಸೇರಿಸಿದರೆ ಪ್ರತಿಯೊಂದು ಪಿಲಿನ್‌ಗೂ ಒಂದು ಚಿಕ್ಕ ಬಾಲ ಮೂಡುತ್ತದೆ. ಆ ಬಾಲವು ಇಂಥದೇ ವಸ್ತುವನ್ನು ಹಿಡಿಯುವ ಕೊಕ್ಕೆಯಂತೆ ಇರುವ ಹಾಗೆ ಮಾಡಿದರೆ ಇಡೀ ತಂತಿಯ ಉದ್ದಕ್ಕೂ ಸಾವಿರಾರು ಕೊಕ್ಕೆಗಳು ಏಳುತ್ತವೆ.

ಅಮೋನಿಯವನ್ನು ಹಿಡಿಯುವ ಕೊಕ್ಕೆಯುಳ್ಳ ತಂತಿಯನ್ನೂ ಅಸಿಟಿಕ್ ಆಮ್ಲವನ್ನು ಹಿಡಿಯುವ ಕೊಕ್ಕೆಯುಳ್ಳ ತಂತಿಯನ್ನೂ ಲವ್ಲಿಯವರ ತಂಡ ಇ-ಕೋಲಿಯಿಂದ ನೇಯಿಸಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕೊಕ್ಕೆಯಿಲ್ಲದ ತಂತಿಗೆ ಹೋಲಿಸಿದರೆ ಮೊದಲನೆಯದು ಅಮೋನಿಯಕ್ಕೆ ಸುಮಾರು 100 ಪಟ್ಟು ಹೆಚ್ಚಾಗಿ ಸ್ಪಂದಿಸಿತು. ಎರಡನೆಯದು ಅಸಿಟಿಕ್ ಆಮ್ಲಕ್ಕೆ 4 ಪಟ್ಟು ಹೆಚ್ಚಾಗಿ ಸ್ಪಂದಿಸಿತು. ಎರಡು ಅಂಕಿಗಳ ನಡುವಣ ಅಂತರವನ್ನೂ ಓದುಗರು ಗಮನಿಸಬೇಕು. ಉಪಾಯ ಒಂದೇ ಆದರೂ ಎಲ್ಲ ಕೊಕ್ಕೆಗಳೂ ಸಮನಾಗಿ ಫಲಿಸುವುದಿಲ್ಲ. ಪ್ರತಿಯೊಂದು ರೋಗದ ಸುಳಿವಿಗೂ ತಕ್ಕ ಕೊಕ್ಕೆಯನ್ನು ಹುಡುಕಿ ಪರೀಕ್ಷಿಸಬೇಕಾಗುತ್ತದೆ.

ಸಿಲಿಕಾನ್, ಇಂಗಾಲ ಮುಂತಾದವುಗಳ ಸೂಕ್ಷ್ಮ ತಂತಿಗಳು ಈಗಾಗಲೇ ಇವೆಯಲ್ಲ, ಸೂಕ್ಷ್ಮಜೀವಿಯ ತಂತಿಯೇ ಏಕೆ ಬೇಕು ಎಂದು ಕೇಳಬಹುದು. ಅವುಗಳಿಗೆ ಇಂತಹ ಕೊಕ್ಕೆಗಳನ್ನು ಜೋಡಿಸಲು ತೊಡಕಿನ ರಾಸಾಯನಿಕ ಕ್ರಿಯೆಗಳೂ ವಿಷಕರ ದ್ರವ್ಯಗಳೂ ಬೇಕಾಗುತ್ತವೆ. ಇಲ್ಲಿ ಜೀವಿಯೇ ಸರಳ ಆಹಾರವನ್ನು ತಿಂದು ಕೊಕ್ಕೆಸಹಿತವಾದ ತಂತಿಯನ್ನು ನೇಯುತ್ತದೆ. ಬಳಸಿ ಬಿಟ್ಟ ಬಳಿಕ ತಂತಿ ಮಣ್ಣಿನಲ್ಲಿ ಕೊಳೆತು ಹೋಗಬಲ್ಲದು. ಹಳೆಯ ಮೊಬೈಲು, ಬ್ಯಾಟರಿಗಳ ತ್ಯಾಜ್ಯ ಬೆಟ್ಟವಾಗುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಗುಣವಲ್ಲ. ಆದರೂ ಲೋಹಪಟ್ಟಿ, ಅಳತೆಯ ಮಂಡಲ ಮುಂತಾದ ಉಳಿದ ಭಾಗಗಳು ಇನ್ನೂ ಸಾಮಾನ್ಯ ಇಲೆಕ್ಟ್ರಾನಿಕ್ ವಸ್ತುಗಳೇ ಎಂಬುದನ್ನು ಮರೆಯಬಾರದು.

ಇದೇ ತಂಡಗಳು 2020ರಲ್ಲಿ ಇನ್ನೊಂದು ಸಂಗತಿಯನ್ನೂ ತೋರಿಸಿದವು. ಸುಮಾರು 7 ಮೈಕ್ರೋಮೀಟರ್ ದಪ್ಪದ ಇದೇ ಬಗೆಯ ಪೊರೆಯು ಗಾಳಿಯ ತೇವಾಂಶದಿಂದ ಸುಮಾರು ಅರ್ಧ ವೋಲ್ಟ್ ವಿದ್ಯುತ್ತನ್ನು ನಿರಂತರವಾಗಿ ಕೊಡಬಲ್ಲದು. ಮುಂದೊಂದು ದಿನ ಬ್ಯಾಟರಿಯಿಲ್ಲದೆ ತನ್ನ ಶಕ್ತಿಯನ್ನು ತಾನೇ ಗಾಳಿಯಿಂದ ಪಡೆದು ಉಸಿರನ್ನು ಅಳೆಯುವ ಉಪಕರಣ ಬರಬಹುದೆಂಬ ಆಸೆ ಇದರಿಂದ ಹುಟ್ಟಿದೆ.

ಮುಗಿಯದ ಚರ್ಚೆ

ವಿಜ್ಞಾನದ ಸುದ್ದಿಯನ್ನು ಹೇಳುವಾಗ ಅದರೊಳಗಿನ ಭಿನ್ನಾಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ. ಜಿಯೋಬ್ಯಾಕ್ಟರ್‌ನ ತಂತಿ ನಿಜವಾಗಿ ಯಾವ ಪ್ರೋಟೀನಿನಿಂದ ಆದುದು ಎಂಬ ಬಗ್ಗೆಯೇ ದೊಡ್ಡ ಚರ್ಚೆಯಿದೆ. ಲವ್ಲಿಯವರ ಪಕ್ಷದಂತೆ ಅದು ಪಿಲಿನ್. ಆದರೆ 2019ರಲ್ಲಿ ಬೇರೆ ಸಂಶೋಧಕರು ಅತಿಶೀತಲ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎಳೆಗಳ ರಚನೆಯನ್ನು ಬಿಡಿಸಿ ನೋಡಿ, ಅದು ಸೈಟೋಕ್ರೋಮ್ ಎಂಬ ಪ್ರೋಟೀನುಗಳ ಸರಪಳಿಯೆಂದರು. ಸೈಟೋಕ್ರೋಮಿನಲ್ಲಿ ಕಬ್ಬಿಣವುಳ್ಳ ಹೀಮ್ ಎಂಬ ಅಂಶವಿರುತ್ತದೆ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿಯೂ ಇರುವುದು ಹೀಮ್. ಸಾಲಾಗಿ ನಿಂತ ಹೀಮ್‌ಗಳ ಮೇಲೆ ಇಲೆಕ್ಟ್ರಾನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಎಂಬಂತೆ ದಾಟುತ್ತದೆಂಬುದು ಅವರ ವಾದ. ಈ ಪಕ್ಷದ ಪ್ರಮುಖರಲ್ಲಿ ಒಬ್ಬರು ಯೇಲ್ ವಿಶ್ವವಿದ್ಯಾಲಯದ, ಭಾರತೀಯ ಮೂಲದ ನಿಖಿಲ್ ಮಾಲ್ವಣಕರ್. ಅವರು ಮೊದಲು ಆಮ್ಹರ್ಸ್ಟ್‌ನಲ್ಲಿ ಲವ್ಲಿಯವರೊಡನೆಯೇ ಇದ್ದು, ಈ ತಂತಿಗಳ ವಾಹಕತೆಯನ್ನು ಕುರಿತು 2011ರಲ್ಲಿ ಜೊತೆಯಾಗಿ ಪ್ರಬಂಧ ಬರೆದವರು. ಸಾಕ್ಷ್ಯ ಬೇರೆಡೆಗೆ ಕರೆದೊಯ್ದಾಗ ಹಿಂದಿನ ತೀರ್ಮಾನವನ್ನು ಬಿಟ್ಟುಕೊಡುವುದು ವಿಜ್ಞಾನದಲ್ಲಿ ಅವಮಾನವಲ್ಲ. ಅಗ್ನಿಮಾಂದ್ಯವೆಂದು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ಹರಿದು ಹಾಕಬೇಕಾಗಿ ಬಂದ ನಮಗೆ ಈ ಮಾತಿನ ಬೆಲೆ ಗೊತ್ತಿದೆ.

ಈ ಚರ್ಚೆ ಹೇಗೆ ಮುಗಿದರೂ ಸಂವೇದಕದಲ್ಲಿ ಅಳೆದ ಪ್ರವಾಹದ ಬದಲಾವಣೆ ಅಳೆದದ್ದೇ. ಆದರೆ ತಂತಿಯ ಒಳಗುಟ್ಟು ಸರಿಯಾಗಿ ತಿಳಿಯದೆ ಅದನ್ನು ಇನ್ನಷ್ಟು ಉತ್ತಮಗೊಳಿಸುವುದು ಕಷ್ಟವೆಂಬುದೂ ನಿಜ.

ಆಸ್ಪತ್ರೆಗೆ ಬರುವ ಮುನ್ನ

ಉಸಿರಿನ ಪರೀಕ್ಷೆ ಎಂಬುದೇ ಕನಸಲ್ಲ. ಜಠರದಲ್ಲಿ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಲು ಉಸಿರಿನ ಪರೀಕ್ಷೆ ಬಳಕೆಯಲ್ಲಿದೆ. ವಾಹನ ಚಾಲಕರ ಉಸಿರಿನಿಂದ ಮದ್ಯಪಾನವನ್ನು ಪೊಲೀಸರು ಪತ್ತೆಹಚ್ಚುವುದನ್ನು ಎಲ್ಲರೂ ಕಂಡಿದ್ದಾರೆ. ಡಯಾಲಿಸಿಸ್ ನಡೆಯುತ್ತಿರುವಾಗ ರೋಗಿಯ ಉಸಿರಿನ ಅಮೋನಿಯ ಇಳಿಯುವುದನ್ನೂ ಸಂಶೋಧಕರು ಅಳೆದಿದ್ದಾರೆ. ಆದ್ದರಿಂದ ಅಗ್ಗದ ಅಮೋನಿಯ ಸಂವೇದಕ ಬಂದರೆ, ದೂರದ ಹಳ್ಳಿಯಿಂದ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗಾಗಿ ಪಟ್ಟಣಕ್ಕೆ ಬರುವವರಿಗೆ ಮನೆಯಲ್ಲಿಯೇ ತಮ್ಮ ಸ್ಥಿತಿಯನ್ನು ಗಮನಿಸಿಕೊಳ್ಳಲು ನೆರವಾಗಬಹುದು.

ಆದರೆ ಇಲ್ಲಿ ವಿವರಿಸಿದ ತಂತಿಗಳ ಪ್ರಯೋಗಗಳು ಪ್ರಯೋಗಾಲಯದ ಹಂತದವು. ಅವುಗಳನ್ನು ರೋಗಿಗಳ ಮೇಲೆ ವಿಸ್ತಾರವಾಗಿ ಪರೀಕ್ಷಿಸಬೇಕು. ಅಮೋನಿಯ ಹೆಚ್ಚಿದ ಮಾತ್ರಕ್ಕೆ ಮೂತ್ರಪಿಂಡದ ರೋಗವೆಂದು ಹೇಳಲಾಗದು. ಬಾಯಿಯ ಅಶುಚಿ, ಜಠರದಲ್ಲಿನ ಮೇಲೆ ಹೇಳಿದ ಬ್ಯಾಕ್ಟೀರಿಯಾ, ಯಕೃತ್ತಿನ ರೋಗ ಇವುಗಳಿಂದಲೂ ಅದು ಹೆಚ್ಚಬಹುದು. ಊಟದ ಮೊದಲು, ಊಟದ ಬಳಿಕ, ಬಾಯಿ ಮುಕ್ಕಳಿಸಿದ ಮೇಲೆ ಪ್ರಮಾಣ ಬದಲಾಗುತ್ತದೆ. ಉಸಿರು ಸದಾ ತೇವವಾಗಿರುವುದರಿಂದ, ತೇವಕ್ಕೆ ತಾನೂ ಸ್ಪಂದಿಸುವ ಪೊರೆಯಿಂದ ನಿಖರವಾದ ಅಂಕಿ ಪಡೆಯುವುದು ಸುಲಭದ ಕೆಲಸವಲ್ಲ. ಆದ್ದರಿಂದ ಸಂವೇದಕವು ರಕ್ತಪರೀಕ್ಷೆಯ ಬದಲಿಗೆ ನಿಲ್ಲದು. ಯಾರು ರಕ್ತಪರೀಕ್ಷೆಯನ್ನು ಕೂಡಲೇ ಮಾಡಿಸಬೇಕೆಂಬುದನ್ನು ಸೂಚಿಸುವ ಕಾವಲುಗಾರನಂತೆ ಮಾತ್ರ ಅದು ಉಪಕಾರಿಯಾಗಬಲ್ಲದು.

ಅಲ್ಲಿಯವರೆಗೆ ನಾವು ಮಾಡಬೇಕಾದುದು

ಸಂವೇದಕ ಬರುವವರೆಗೆ ಮೂತ್ರಪಿಂಡಗಳು ಕಾಯುವುದಿಲ್ಲ. ಈ ರೋಗ ಆರಂಭದಲ್ಲಿ ನೋವು ಕೊಡುವುದಿಲ್ಲ, ಜ್ವರ ತರುವುದಿಲ್ಲ, ಸದ್ದಿಲ್ಲದೆ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ ಇದಕ್ಕೆ ಪ್ರಮುಖ ಕಾರಣಗಳು. ಈ ಎರಡರಲ್ಲಿ ಒಂದಾದರೂ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡೂ ಸರಳವಾದ ಪರೀಕ್ಷೆಗಳು, ದುಬಾರಿಯಲ್ಲ. ಆರಂಭದಲ್ಲಿಯೇ ತಿಳಿದರೆ ಸಕ್ಕರೆಯನ್ನೂ ಒತ್ತಡವನ್ನೂ ಹತೋಟಿಯಲ್ಲಿಟ್ಟು ಮೂತ್ರಪಿಂಡಗಳನ್ನು ಬಹುಕಾಲ ಕಾಪಾಡಿಕೊಳ್ಳಬಹುದು.

ಮಂಡಿನೋವಿಗೆ, ಬೆನ್ನುನೋವಿಗೆ ಅಂಗಡಿಯಿಂದ ತಾವೇ ನೋವಿನ ಮಾತ್ರೆಗಳನ್ನು ತಂದು ತಿಂಗಳುಗಟ್ಟಲೆ ನುಂಗುವುದನ್ನು ಬಿಡಬೇಕು. ಅವು ಮೂತ್ರಪಿಂಡಗಳಿಗೆ ಹಾನಿ ಮಾಡುತ್ತವೆ. ಆಯುರ್ವೇದ ವೈದ್ಯರಾಗಿ ಇನ್ನೊಂದು ಮಾತನ್ನೂ ಹೇಳುವುದು ನಮ್ಮ ಕರ್ತವ್ಯ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಆಯುರ್ವೇದದ ಹೆಸರಿನಲ್ಲಿ ಮಾರುವ ಭಸ್ಮಗಳನ್ನೂ ಗುಳಿಗೆಗಳನ್ನೂ ನಂಬಬಾರದು. ಶಾಸ್ತ್ರೋಕ್ತವಾಗಿ ಶುದ್ಧಗೊಳ್ಳದ ಪಾದರಸ, ಸೀಸಗಳು ಅವುಗಳಲ್ಲಿದ್ದರೆ ಮೂತ್ರಪಿಂಡಕ್ಕೆ ನೇರವಾದ ಪೆಟ್ಟು ಬೀಳುತ್ತದೆ. ನಮ್ಮದೇ ಪದ್ಧತಿಯೆಂಬ ಅಭಿಮಾನದಿಂದ ಈ ಸತ್ಯವನ್ನು ಮರೆಮಾಚಲಾಗದು.

ಮುಖ, ಪಾದಗಳಲ್ಲಿ ಬಾವು, ಮೂತ್ರದಲ್ಲಿ ಹೋಗದೆ ಉಳಿಯುವ ನೊರೆ, ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು, ಕಾರಣವಿಲ್ಲದ ಅರುಚಿ ಮತ್ತು ವಾಕರಿಕೆ, ಮೈತುರಿಕೆ, ವಿಪರೀತ ದಣಿವು ಇವುಗಳಲ್ಲಿ ಯಾವುದಾದರೂ ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಮನೆಯವರ ಉಸಿರಿನಲ್ಲಿ ಗಂಜಲದ ವಾಸನೆ ಕಂಡರಂತೂ ಒಂದು ದಿನವೂ ತಡಮಾಡಬಾರದು. ಬಾಯಿವಾಸನೆಯ ಮಾತನ್ನು ಆಡಿದರೆ ಎದುರಿನವರಿಗೆ ನೋವಾದೀತೆಂಬ ಸಂಕೋಚದಿಂದ ಎಷ್ಟೋ ಮನೆಗಳಲ್ಲಿ ಈ ಮಾತು ಬಾಯೊಳಗೇ ಉಳಿಯುತ್ತದೆ. ಆ ತಾಯಿಯೂ ಮೊದಲ ಎರಡು ಸಲ ಜೊತೆಗೆ ಬಂದಿದ್ದರೆ ಏನಾಗುತ್ತಿತ್ತೋ ಎಂದು ನಾವು ಎಷ್ಟೋ ಬಾರಿ ಯೋಚಿಸಿದ್ದೇವೆ. ಅಂದಿನಿಂದ ನಮ್ಮ ಚಿಕಿತ್ಸಾಲಯದಲ್ಲಿ ಒಂದು ಕ್ರಮವನ್ನು ಪಾಲಿಸುತ್ತ ಬಂದಿದ್ದೇವೆ: ರೋಗಿಯನ್ನು ಕೇಳಿದ ಮೇಲೆ ಜೊತೆಗೆ ಬಂದವರನ್ನೂ ಕೇಳುತ್ತೇವೆ, ಜೊತೆಗೆ ಯಾರೂ ಬಾರದಿದ್ದರೆ ಮುಂದಿನ ಸಲ ಕರೆತರಲು ಹೇಳುತ್ತೇವೆ.

ಕೆಸರಿನ ಒಂದು ಜೀವಿ ತನಗೆ ಉಸಿರಾಡಲು ಚಾಚಿದ ಎಳೆಯು ಮುಂದೆ ಮನುಷ್ಯನ ಉಸಿರನ್ನು ಓದಬಲ್ಲುದಾದರೆ ಅದು ಸಂತೋಷದ ಸಂಗತಿ. ಅದು ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಬೇಗ ಬರಲಿ ಎಂದು ಹಾರೈಸುತ್ತೇವೆ. ಬರುವವರೆಗೆ ವರ್ಷಕ್ಕೊಮ್ಮೆ ಮಾಡಿಸುವ ಆ ಎರಡು ಪರೀಕ್ಷೆಗಳೂ ಮನೆಯವರ ನಿಸ್ಸಂಕೋಚವಾದ ಒಂದು ಮಾತೂ ನಮ್ಮ ಕೈಯಲ್ಲಿಯೇ ಇವೆ. ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡವಿರುವ ಓದುಗರು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ, ತಾವು ಆ ಪರೀಕ್ಷೆಗಳನ್ನು ಕೊನೆಯ ಬಾರಿ ಯಾವಾಗ ಮಾಡಿಸಿದ್ದೆವೆಂದು ಒಮ್ಮೆ ನೆನಪಿಸಿಕೊಳ್ಳಬೇಕೆಂದು ವಿನಂತಿಸುತ್ತೇವೆ.